ಮರುಳೆಂಬ ಮಾತು ಮತ್ತು ಎಳೆಯ ಮನಸ್ಸು

ಶೂನ್ಯಸಂಪಾದನೆಯನ್ನು ಓದಿದ ಸದ್ಭಕ್ತರಿಗೆ ಮರುಳಶಂಕರದೇವರ ಪ್ರಸಂಗವು ಪರಿಚಿತವೇ ಆಗಿದೆ. ಬಸವಣ್ಣನವರ ಮಹಾಮನೆಯಲ್ಲಿಯೇ ಹನ್ನೆರಡು ವರುಷ ಇದ್ದರೂ, ಜನರ ಕಣ್ಣಿಗೆ ಮರುಳನಂತೆ ತೋರಿದ ಕಾರಣ, ಅವರನ್ನು ಯಾರೂ ಅರಿಯಲಿಲ್ಲ. ಕೊನೆಗೆ ಗುರುತಿಸಿದವರು ಅಲ್ಲಮಪ್ರಭುಗಳು. ಮರುಳಶಂಕರರು ಸಿದ್ಧರು, ರೋಗಿಗಳಲ್ಲ. ಅವರನ್ನು ಮನೋವ್ಯಾಧಿಗೆ ದೃಷ್ಟಾಂತವಾಗಿ ಹೇಳುವುದು ಸಲ್ಲದು. ಆದರೆ ಮರುಳೆಂದು ಬಗೆದ ಮಾತ್ರಕ್ಕೆ, ನಿತ್ಯ ದಾಸೋಹ ನಡೆಯುವ ಮನೆಯಲ್ಲಿಯೂ ಒಬ್ಬನು ಕಾಣದಂತಾಗಬಹುದೆಂಬುದು ಇಲ್ಲಿ ಗ್ರಹಿಸತಕ್ಕ ಅಂಶ. ಆ ಸನ್ನಿಧಿಯಲ್ಲಿಯೇ ಹೀಗಾಯಿತೆಂದ ಮೇಲೆ ಸಾಮಾನ್ಯ ಗೃಹಸ್ಥರ ಮಾತೇನು?

ಇಂದು ಹದಿಹರೆಯದ ಮಕ್ಕಳ ವಿಷಯದಲ್ಲಿ ನಡೆಯುತ್ತಿರುವುದು ಇದೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯು, 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಮಾನಸಿಕ ತೊಂದರೆಯುಂಟೆಂದು ಕಂಡಿತು. ಆ ಲೆಕ್ಕದಲ್ಲಿ ನಲವತ್ತು ಮಕ್ಕಳ ತರಗತಿಗೆ ಸುಮಾರು ಮೂವರು. ಅವರನ್ನು ನಾವು ಸೋಮಾರಿ, ಹಟಮಾರಿ ಎಂಬ ಹೆಸರಿನಿಂದ ಮಾತ್ರ ಬಲ್ಲೆವು.

ಅಂಕೋಲೆ ತಾಲ್ಲೂಕಿನ ಬೇಲೆಕೇರಿಯಂತಹ ಕಡಲತೀರದ ಊರನ್ನು ನೆನೆಯಿರಿ. ಒಬ್ಬರ ಮನೆಯ ಸುದ್ದಿ ಇನ್ನೊಬ್ಬರಿಗೆ ತಿಳಿಯದೆ ಉಳಿಯುವುದಿಲ್ಲ. ಹುಡುಗಿಯೊಬ್ಬಳು ನಿದ್ರೆಗೆಟ್ಟು, ಅನ್ನ ಬಿಟ್ಟು, ಮೂಲೆ ಸೇರಿದಳೆನ್ನಿ. ಮೊದಲು ಗಾಳಿ ಸೋಂಕಿತೆಂಬ ಮಾತು, ಅನಂತರ ತಾಯಿತ. ವೈದ್ಯರ ಮಾತೆತ್ತಿದರೆ, ನಾಳೆ ಈಕೆಯನ್ನು ಯಾರು ಮದುವೆಯಾದಾರು ಎಂಬ ಅಂಜಿಕೆ. ಅಂಜಿಕೆಯನ್ನು ಗೆದ್ದವರಿಗೆ ಹಾದಿಯೇ ದೂರ. ಜಿಲ್ಲೆಯ ದೊಡ್ಡ ಆಸ್ಪತ್ರೆ ಕಾರವಾರದಲ್ಲಿದೆ. ಹೆಚ್ಚಿನ ಚಿಕಿತ್ಸೆಗೆ ದಿನದ ದುಡಿಮೆ ಬಿಟ್ಟು, ಅರಬೈಲು ಘಟ್ಟ ಹತ್ತಿ, ಧಾರವಾಡಕ್ಕೆ ಹೋಗಬೇಕು. ಆ ಧಾರವಾಡದ ಹೆಸರನ್ನಾದರೂ ನಾವು ಏನು ಮಾಡಿದ್ದೇವೆ? 'ಇವನನ್ನು ಧಾರವಾಡಕ್ಕೆ ಕಳುಹಿಸಬೇಕು' ಎಂಬುದು ಬೈಗುಳವಾಗಿದೆ. ಗುಣಪಡಿಸುವ ಸ್ಥಳದ ಹೆಸರೇ ಹೀಯಾಳಿಕೆಯಾದ ನಾಡಿನಲ್ಲಿ ಹದಿನೈದರ ಬಾಲಕನು ತನ್ನ ನೋವನ್ನು ಯಾರಲ್ಲಿ ಹೇಳಿಯಾನು?

ಲಿಂಗಪೂಜೆಯೊಂದಿದ್ದರೆ ಸಾಕು, ಔಷಧವೇಕೆಂದು ಕೇಳುವವರು ನಮ್ಮಲ್ಲಿದ್ದಾರೆ. ಇದು ಭಕ್ತಿಯಂತೆ ಕೇಳಿಸಿದರೂ ಶರಣರ ಮಾರ್ಗವಲ್ಲ. ವೈದ್ಯ ಸಂಗಣ್ಣನವರು ವೈದ್ಯವನ್ನೇ ಕಾಯಕವಾಗಿ ಉಳ್ಳ ವಚನಕಾರರು. ರೋಗಗಳ ಹೆಸರು, ಚಿಕಿತ್ಸೆಯ ಪರಿಭಾಷೆ ಅವರ ವಚನಗಳಲ್ಲಿ ಧಾರಾಳವಾಗಿ ಬಂದಿದೆ. ವೈದ್ಯವು ಕಾಯಕವಾದ ಮೇಲೆ ಅದನ್ನು ಬೇಡುವುದು ಅಪನಂಬಿಕೆ ಹೇಗಾದೀತು? ಪೂಜೆಯು ಮನಸ್ಸಿಗೆ ಆಸರೆ, ನಿಜ. ಆದರೆ ಜ್ವರ ಬಂದ ಮಗುವಿಗೆ ವಿಭೂತಿ ಧರಿಸಿ ವೈದ್ಯರಲ್ಲಿಗೂ ಒಯ್ಯುವ ತಾಯಿ, ಮನಸ್ಸು ಬೆಂದಾಗ ಮಾತ್ರ ಏಕೆ ತಡೆಯುತ್ತಾಳೆ?

ಇನ್ನೊಂದು ಭಯ ಪೋಲೀಸರದು. ಬದುಕು ಬೇಡವೆಂದು ದುಡುಕಿದ ಮಗುವನ್ನು ಆಸ್ಪತ್ರೆಗೆ ಒಯ್ದರೆ ಮೊಕದ್ದಮೆಯಾದೀತೆಂದು ಹಿಂಜರಿಯುವವರುಂಟು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆಯು, ಅಂತಹವರು ತೀವ್ರ ಸಂಕಟದಲ್ಲಿದ್ದರೆಂದೇ ಭಾವಿಸಬೇಕೆಂದೂ, ಅವರ ಆರೈಕೆ ಸರ್ಕಾರದ ಕರ್ತವ್ಯವೆಂದೂ ಹೇಳುತ್ತದೆ. 2022ರ ಅಕ್ಟೋಬರದಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಘಟ್ಟ ಹತ್ತಬೇಕಿಲ್ಲ, ನೆರೆಯವರ ಕಣ್ಣಿಗೆ ಬೀಳಬೇಕಿಲ್ಲ. ದೂರವಾಣಿಯು ವೈದ್ಯರ ಸ್ಥಾನವನ್ನು ಪೂರ್ತಿ ತುಂಬಲಾರದು. ಮೊದಲ ಮಾತಿಗೆ ಅದು ಸಾಕು. ಮಠಗಳ ಪ್ರಸಾದನಿಲಯಗಳ ಗೋಡೆಯ ಮೇಲೆ, ಊಟದ ವೇಳೆಯ ಪಟ್ಟಿಯ ಪಕ್ಕದಲ್ಲಿ, ಈ ಸಂಖ್ಯೆಯನ್ನೂ ಬರೆಯಿಸುವುದು ಒಳ್ಳೆಯದು.