ಮನೆಯ ಭದ್ರತಾ ವ್ಯವಸ್ಥೆಯ ಆಯ್ಕೆ: ಮಾಲೀಕರಿಗೂ ಬಾಡಿಗೆದಾರರಿಗೂ ಒಂದು ಲೆಕ್ಕಾಚಾರ

ದ್ರಾಕ್ಷಿಯ ಕಟಾವು ಮುಗಿದು ಒಣದ್ರಾಕ್ಷಿಯ ಹಣ ಕೈಸೇರುವ ದಿನಗಳೂ ಮದುವೆಯ ಮುಹೂರ್ತಗಳೂ ತಿಕೋಟಾ ಭಾಗದಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ವರ್ಷದ ಗಳಿಕೆಯೂ ಮನೆಯ ಹೆಣ್ಣುಮಕ್ಕಳ ಆಭರಣಗಳೂ ಕಪಾಟಿನಲ್ಲಿರುವ ಹೊತ್ತಿನಲ್ಲಿಯೇ ಮನೆಮಂದಿಯೆಲ್ಲ ಬಾಗಿಲಿಗೆ ಬೀಗ ಹಾಕಿ ಪರವೂರಿನ ಲಗ್ನಕ್ಕೆ ಹೊರಡಬೇಕಾಗುತ್ತದೆ. ಊರಲ್ಲಿದ್ದವರು ಸೆಕೆ ತಾಳಲಾರದೆ ಮಾಳಿಗೆಯ ಮೇಲೆ ಮಲಗುತ್ತಾರೆ; ಕೆಳಗಿನ ಬಾಗಿಲು ಬರಿಯ ಚಿಲಕದ ಭರವಸೆಯ ಮೇಲಿರುತ್ತದೆ. ಕಳ್ಳತನದ ದೃಷ್ಟಿಯಿಂದ ವರ್ಷದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕಾಲ ಮತ್ತೊಂದಿಲ್ಲ.

ಹಿಂದೆ ಈ ಭಾಗದ ಮನೆಗಳಿಗೆ ದಪ್ಪ ಗೋಡೆ, ಅಗಸಿ ಬಾಗಿಲು, ಊರಿಗೊಬ್ಬ ತಳವಾರ, ಜೋಳಕ್ಕೆ ನೆಲದೊಳಗಿನ ಹಗೇವು ಇದ್ದವು. 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ತಿಕೋಟಾ ಮತ್ತು ಬಬಲೇಶ್ವರಗಳೂ ಸೇರಿದ್ದವು. ತಾಲ್ಲೂಕು ಕೇಂದ್ರವೆಂದ ಮೇಲೆ ನೌಕರರು, ವ್ಯಾಪಾರಿಗಳು ಬಂದು ನೆಲೆಸುತ್ತಾರೆ, ಬಾಡಿಗೆ ಮನೆಗಳು ಬೇಕಾಗುತ್ತವೆ, ನೆರೆಯವರ ಪರಿಚಯ ಮೊದಲಿನಷ್ಟು ಗಾಢವಾಗಿ ಉಳಿಯುವುದಿಲ್ಲ. ಹೀಗಾಗಿ ಭದ್ರತಾ ಸಲಕರಣೆಗಳ ಖರೀದಿ ಇಂದು ಸಾಮಾನ್ಯ ಗೃಹಸ್ಥನ ಖರ್ಚಿನ ಬಾಬ್ತಾಗಿದೆ. ಆ ಖರ್ಚನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದೇ ಪ್ರಸ್ತುತ ಲೇಖನದ ವಿಷಯ.

1. ಮೊದಲು ಪಟ್ಟಿ, ಆಮೇಲೆ ಖರೀದಿ

ಬಹುತೇಕರು ಅಂಗಡಿಗೆ ಹೋಗಿ ಮೊದಲು ಕೇಳುವುದು ಕ್ಯಾಮೆರಾದ ಬೆಲೆಯನ್ನು. ಇದು ತಲೆಕೆಳಗಾದ ಕ್ರಮ. ವರ್ಷಾಂತ್ಯದಲ್ಲಿ ಸರಕಿನ ದಾಸ್ತಾನು ಎಣಿಸುವಂತೆ ಮನೆಯೊಳಗಿನ ಆಭರಣ, ನಗದು, ಆಸ್ತಿಪತ್ರ, ವಾಹನ, ಉಪಕರಣಗಳ ಪಟ್ಟಿಯನ್ನು ಮೊದಲು ಸಿದ್ಧಪಡಿಸಬೇಕು. ಪ್ರತಿ ಆಭರಣದ ತೂಕ, ಛಾಯಾಚಿತ್ರ ಮತ್ತು ಬಿಲ್ಲು ಅದರೊಡನೆ ಇರಬೇಕು. ಕಳವಾದ ಮಾಲು ಪತ್ತೆಯಾದಾಗ ಅದು ತನ್ನದೆಂದು ತೋರಿಸಲು ಈ ಪಟ್ಟಿಯೇ ಆಧಾರ.

ಎರಡನೆಯ ಹೆಜ್ಜೆ, ಪಟ್ಟಿಯನ್ನು ಚಿಕ್ಕದು ಮಾಡುವುದು. ಒಬ್ಬ ವ್ಯಾಪಾರಿಯ ಮನೆಯಲ್ಲಿ 15 ತೊಲೆ ಆಭರಣವೂ 3 ಲಕ್ಷ ರೂಪಾಯಿ ನಗದೂ ಇದೆಯೆಂದು ಭಾವಿಸೋಣ. 12 ತೊಲೆ ಬ್ಯಾಂಕಿನ ಲಾಕರಿಗೂ 2.75 ಲಕ್ಷ ರೂಪಾಯಿ ಖಾತೆಗೂ ಹೋದರೆ ಮನೆಯಲ್ಲುಳಿಯುವುದು 3 ತೊಲೆ ಮತ್ತು 25,000 ರೂಪಾಯಿ. ಲಾಕರಿನ ಬಾಡಿಗೆಯ ಹೊರತು ಬೇರೆ ವೆಚ್ಚವಿಲ್ಲದೆ, ಅಪಾಯಕ್ಕೊಡ್ಡಿದ್ದ ಸಂಪತ್ತಿನ ಐದರಲ್ಲಿ ನಾಲ್ಕು ಭಾಗಕ್ಕಿಂತ ಹೆಚ್ಚು ಮನೆಯಿಂದ ಹೊರಗಾಯಿತು. ಯಾವ ಕ್ಯಾಮೆರಾವೂ ಇಷ್ಟು ರಕ್ಷಣೆ ಕೊಡಲಾರದು. ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್ 1ರಿಂದ ನಿಷೇಧಿಸಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ತೆರಿಗೆಗಾಗಿ ಬಂದ ಈ ನಿಯಮವನ್ನು ಪಾಲಿಸಿದವನ ಕಪಾಟೂ ತಾನಾಗಿ ಸುರಕ್ಷಿತವಾಗುತ್ತದೆ.

2. ಮನಗೂಳಿಯ ಪಾಠ

2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ, ಶನಿವಾರ-ರವಿವಾರಗಳ ರಜೆಯ ಅವಧಿಯಲ್ಲಿ, ಗ್ರಾಹಕರು ಅಡವಿಟ್ಟಿದ್ದ ಸುಮಾರು 59 ಕಿಲೋಗ್ರಾಂ ಚಿನ್ನ ಕಳವಾಯಿತು. ಮುಂದಿನ ತಿಂಗಳು ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕನೂ ಇದ್ದನು. ನಕಲಿ ಕೀಲಿ ಬಳಸಿ, ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆಯನ್ನೇ ಹೊತ್ತೊಯ್ದರೆಂಬುದು ತನಿಖೆಯಲ್ಲಿ ಹೊರಬಂದ ಆರೋಪ. ಪ್ರಕರಣದ ಅಂತಿಮ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು.

ಗೃಹಸ್ಥನಿಗೆ ಇದರಲ್ಲಿ ಮೂರು ಪಾಠಗಳಿವೆ. ಬೀಗದ ಬಲ ಕೀಲಿಯನ್ನು ಬಲ್ಲವರ ಸಂಖ್ಯೆಯ ಮೇಲೆ ನಿಂತಿದೆ. ದಾಖಲೆ ಪೆಟ್ಟಿಗೆ ಕಣ್ಣಿಗೆ ಬೀಳುವ ಜಾಗದಲ್ಲಿದ್ದರೆ ಕ್ಯಾಮೆರಾ ಇದ್ದೂ ಇಲ್ಲದಂತೆ. ಮತ್ತು ಯಾರೂ ಇಲ್ಲದ ದಿನಗಳನ್ನು ಕಳ್ಳನು ಮೊದಲೇ ಲೆಕ್ಕಹಾಕಿರುತ್ತಾನೆ.

3. ಬಾಗಿಲು, ಗಂಟೆ, ಕ್ಯಾಮೆರಾ: ಈ ಕ್ರಮದಲ್ಲಿ

ಬಾಗಿಲು ಕಳ್ಳನನ್ನು ತಡೆಯುತ್ತದೆ, ಎಚ್ಚರಿಕೆ ಗಂಟೆ ಅವನನ್ನು ಓಡಿಸುತ್ತದೆ, ಕ್ಯಾಮೆರಾ ಅವನನ್ನು ಗುರುತಿಸುತ್ತದೆ. ಹಣ ಸೀಮಿತವಾಗಿದ್ದರೆ ಇದೇ ಅನುಕ್ರಮದಲ್ಲಿ ವೆಚ್ಚ ಮಾಡುವುದು ಲೇಸು.

ಬಾಗಿಲು: ಹೊರಗೆ ನೇತಾಡುವ ಬೀಗವು ಮನೆಯಲ್ಲಿ ಯಾರೂ ಇಲ್ಲವೆಂದು ದಾರಿಹೋಕರಿಗೆಲ್ಲ ಸಾರುತ್ತದೆ. ಬಾಗಿಲೊಳಗೆ ಕೂಡಿಸುವ ಬೀಗ, ಗೋಡೆಗೆ ಭದ್ರವಾಗಿ ಕೂತ ಚೌಕಟ್ಟು, ಹಿತ್ತಲ ಬಾಗಿಲಿಗೂ ಅಷ್ಟೇ ಗಟ್ಟಿಯಾದ ಅಗುಳಿ, ಮಾಳಿಗೆಯ ಮೆಟ್ಟಿಲಿಗೆ ಕಬ್ಬಿಣದ ಬಾಗಿಲು — ಇವು ಮೊದಲ ವೆಚ್ಚ. ಮನೆ ಕೊಂಡಾಗ, ಬಾಡಿಗೆಗೆ ಹಿಡಿದಾಗ, ಕೆಲಸದವರು ಬದಲಾದಾಗ ಬೀಗವನ್ನು ಬದಲಿಸಬೇಕು.

ಎಚ್ಚರಿಕೆ ಗಂಟೆ: ಬಾಗಿಲು ತೆರೆದೊಡನೆ ಕೂಗುವ, ಮೊಬೈಲಿಗೆ ಸೂಚನೆ ಕಳಿಸುವ ಸಣ್ಣ ಸಾಧನಗಳು ಬ್ಯಾಟರಿಯ ಮೇಲೆಯೇ ನಡೆಯುತ್ತವೆ. ಗಂಟೆ ಕೇಳಿದಾಗ ಬರುವವರು ಯಾರೆಂಬುದು ಮೊದಲೇ ನಿಶ್ಚಯವಾಗಿರಬೇಕು. ಇಬ್ಬರು ನೆರೆಯವರು ಮತ್ತು ಒಬ್ಬ ಸಂಬಂಧಿಕರ ಸಂಖ್ಯೆಗಳಿಗೂ ಸೂಚನೆ ಹೋಗುವಂತಿರಬೇಕು. ಪೊಲೀಸರ ತುರ್ತು ಸಂಖ್ಯೆ 112.

ಕ್ಯಾಮೆರಾ: ನಿಗದಿತ ಭದ್ರತಾ ಪರೀಕ್ಷೆಗೆ ಒಳಪಟ್ಟು ಭಾರತೀಯ ಮಾನಕ ಬ್ಯೂರೋದ ನೋಂದಣಿ ಪಡೆಯುವುದನ್ನು ಕೇಂದ್ರ ಸರ್ಕಾರವು ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್ 9ರಿಂದ ಕಡ್ಡಾಯಗೊಳಿಸಿದೆ. ಪೆಟ್ಟಿಗೆಯ ಮೇಲಿನ ನೋಂದಣಿ ಸಂಖ್ಯೆಯನ್ನು ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಜೋಡಣೆಯ ದಿನವೇ ಮಾಲೀಕನು ತಾನಾಗಿ ಬದಲಿಸಬೇಕು.

ಸಂಗ್ರಹ ಸಾಮರ್ಥ್ಯವನ್ನು ಹೀಗೆ ಲೆಕ್ಕಹಾಕಬಹುದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ದಾಖಲಿಸಿದರೆ ದಿನಕ್ಕೆ 21.6 ಗಿಗಾಬೈಟ್, ನಾಲ್ಕು ಕ್ಯಾಮೆರಾಗಳಿಗೆ 86.4 ಗಿಗಾಬೈಟ್ ಬೇಕು. 1 ಟೆರಾಬೈಟಿನ ಡಿಸ್ಕು ಸುಮಾರು 11 ದಿನಕ್ಕೆ ತುಂಬಿ ಹಳೆಯ ದೃಶ್ಯ ಅಳಿಯುತ್ತದೆ. ಹದಿನೈದು ದಿನ ಯಾತ್ರೆಗೆ ಹೋಗಿಬಂದವನಿಗೆ ಮೊದಲ ಮೂರು ದಿನಗಳ ಕಳ್ಳತನದ ದೃಶ್ಯ ಸಿಗಲಾರದು. ಚಲನೆ ಕಂಡಾಗ ಮಾತ್ರ ದಾಖಲಿಸುವ ಏರ್ಪಾಡು ಅಥವಾ ದೊಡ್ಡ ಡಿಸ್ಕು ಇದಕ್ಕೆ ಪರಿಹಾರ.

ತೋಟದ ಮನೆಗಳ ಸ್ಥಿತಿ ಬೇರೆ. ಅಲ್ಲಿ ವಿದ್ಯುತ್ತು ಬಹಳ ಕಡೆ ಪಂಪ್‌ಸೆಟ್ಟಿನ ವೇಳಾಪಟ್ಟಿಗೆ ಅಂಟಿಕೊಂಡಿದೆ. ಕ್ಯಾಮೆರಾ, ದಾಖಲೆ ಪೆಟ್ಟಿಗೆ, ಇಂಟರ್ನೆಟ್ ಸಾಧನಗಳೆಲ್ಲ ಸೇರಿ 45 ವ್ಯಾಟ್ ಎಳೆದರೆ ಹತ್ತು ಗಂಟೆಗೆ 450 ವ್ಯಾಟ್-ಗಂಟೆ ಬೇಕು. ಅಷ್ಟಕ್ಕೆ ತಕ್ಕ ಬ್ಯಾಟರಿಯಿಲ್ಲದೆ ವ್ಯವಸ್ಥೆ ಪೂರ್ಣವಾಗದು. ಸೌರ ಫಲಕ ಮತ್ತು ಮೊಬೈಲ್ ಸಿಮ್ ಇರುವ ಕ್ಯಾಮೆರಾ ಅಲ್ಲಿಗೆ ಹೆಚ್ಚು ಹೊಂದುತ್ತದೆ. ಕೊಳ್ಳುವ ಮುನ್ನ ತೋಟದಲ್ಲಿ ಯಾವ ಕಂಪನಿಯ ಸಂಕೇತ ಸಿಗುತ್ತದೆಂದು ನಿಂತು ನೋಡಬೇಕು.

4. ಬಾಡಿಗೆದಾರನ ಲೆಕ್ಕ

ಮಾಲೀಕನಿಗೆ ಭದ್ರತೆಯು ಸ್ಥಿರಾಸ್ತಿಯ ಭಾಗ; ಬಾಡಿಗೆದಾರನಿಗೆ ಅದು ಚರ ಸೊತ್ತು. ಆದುದರಿಂದ ಬಾಡಿಗೆದಾರನು ತಂತಿಯಿಲ್ಲದ, ಗೋಡೆ ಕೊರೆಯಬೇಕಿಲ್ಲದ, ಮನೆ ಬಿಡುವಾಗ ಕೊಂಡೊಯ್ಯಬಹುದಾದ ಸಾಧನಗಳನ್ನು ಆರಿಸಬೇಕು. ತಾನು ಜೋಡಿಸಿದ ವಸ್ತುಗಳನ್ನು ಮನೆ ಬಿಡುವಾಗ ತೆಗೆದುಕೊಂಡು ಹೋಗುವ ಹಕ್ಕನ್ನು, ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸಬೇಕೆಂಬ ಷರತ್ತಿನೊಡನೆ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು ಬಾಡಿಗೆದಾರನಿಗೆ ಕೊಟ್ಟಿದೆ. ಆದರೂ ಕರಾರುಪತ್ರದಲ್ಲಿ ಎರಡು ಸಾಲು ಬರೆಸುವುದು ಉತ್ತಮ: ಬೀಗ ಬದಲಿಸುವ ಖರ್ಚು ಯಾರದು, ಜೋಡಿಸಿದ ಸಾಧನಗಳು ಯಾರಿಗೆ ಸೇರಿದವು.

ಮನೆಯ ಮಾಲೀಕನು ಅಗಸಿಗೋ ಅಂಗಳಕ್ಕೋ ಕ್ಯಾಮೆರಾ ಹಾಕಬಹುದು. ಬಾಡಿಗೆದಾರನ ಕೋಣೆಗಳತ್ತ ಅದು ತಿರುಗಬಾರದು. ಸಹವಾಸಿಗಳ ಒಪ್ಪಿಗೆಯಿಲ್ಲದೆ ಮನೆಯ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸುವುದು ಖಾಸಗಿತನದ ಉಲ್ಲಂಘನೆಯೆಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ತೀರ್ಪಿತ್ತಿತು. ಸುಪ್ರೀಂ ಕೋರ್ಟ್ ಅದರಲ್ಲಿ ಹಸ್ತಕ್ಷೇಪ ಮಾಡಲಿಲ್ಲ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿರುವ ಕುಟುಂಬಗಳಿಗೂ ಇದು ಮುಖ್ಯವಾದ ಮಾತು.

ತೆರಿಗೆಯ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ಮನೆ ಬಾಡಿಗೆಯ ಆದಾಯದಲ್ಲಿ ಕಾನೂನು ಕೊಡುವ ಶೇ. 30ರ ಕಡಿತದಲ್ಲಿ ದುರಸ್ತಿ-ನಿರ್ವಹಣೆಯ ವೆಚ್ಚಗಳೆಲ್ಲ ಅಡಗಿವೆ. ಕ್ಯಾಮೆರಾದ ಬಿಲ್ಲನ್ನು ಮತ್ತೆ ಪ್ರತ್ಯೇಕವಾಗಿ ಕಳೆಯುವಂತಿಲ್ಲ.

5. ವಿಮೆ ಮತ್ತು ಲಾಕರು: ಷರತ್ತು ಓದಿ ನಂಬಬೇಕು

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯು ಬೆಂಕಿ, ಸಿಡಿಲು, ನೆರೆ, ಭೂಕಂಪ ಮುಂತಾದವುಗಳಿಂದ ಕಟ್ಟಡಕ್ಕೂ ಮನೆಸಾಮಾನಿಗೂ ರಕ್ಷಣೆ ಕೊಡುತ್ತದೆ. ಬಾಡಿಗೆದಾರನು ಸಾಮಾನಿಗೆ ಮಾತ್ರ ಪಡೆಯಬಹುದು. ಆದರೆ ಅದರ ಮೂಲ ರೂಪದಲ್ಲಿ ಕಳ್ಳತನಕ್ಕೆ ಪರಿಹಾರ ಸಿಗುವುದು, ಇಂಥ ಅವಘಡದ ಕಾರಣದಿಂದ ಏಳು ದಿನಗಳೊಳಗೆ ಕಳವಾದರೆ ಮಾತ್ರ. ಸಾಮಾನ್ಯ ಕನ್ನಗಳವಿಗೆ ಬೇರೆ ಪಾಲಿಸಿ ಬೇಕು. ಅಂಥ ಪಾಲಿಸಿಗಳು ಸಾಮಾನ್ಯವಾಗಿ ಬಲಪ್ರಯೋಗದಿಂದ ಒಳನುಗ್ಗಿದ ಗುರುತನ್ನು ಕೇಳುತ್ತವೆ. ತೆರೆದ ಬಾಗಿಲಿನಿಂದ ಹೋದ ಮಾಲಿಗೆ ಪರಿಹಾರ ದೊರೆಯುವುದು ಕಷ್ಟ.

ಲಾಕರಿನ ಹೊಣೆಗೂ ಮಿತಿಯಿದೆ. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿಯಾದರೆ ಪರಿಹಾರ 2 ಲಕ್ಷ. 10 ತೊಲೆ ಚಿನ್ನದ ಬೆಲೆ ಇದರ ಹಲವು ಪಟ್ಟು. ಮನೆಯ ಕಪಾಟಿಗಿಂತ ಲಾಕರು ಸುರಕ್ಷಿತವೆಂಬುದು ನಿಜ, ಆದರೆ ಅದು ವಿಮೆಯಲ್ಲ.

6. ಬಿಲ್ಲು, ಕರಾರು, ಸಾಕ್ಷ್ಯ

ದರಪಟ್ಟಿಯಲ್ಲಿ ಸಾಧನ, ತಂತಿ, ಜೋಡಣೆಯ ಕೂಲಿ, ಶೇ. 18ರ ಜಿಎಸ್‌ಟಿ, ವಾರ್ಷಿಕ ನಿರ್ವಹಣೆ ಮತ್ತು ಆ್ಯಪ್ ಶುಲ್ಕಗಳನ್ನು ಪ್ರತ್ಯೇಕವಾಗಿ ಬರೆಸಿಕೊಂಡು ಐದು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಬೇಕು. ಅಗ್ಗದ ಕ್ಯಾಮೆರಾದ ತಿಂಗಳ ಶುಲ್ಕವು ಕೊನೆಯಲ್ಲಿ ದುಬಾರಿಯಾಗುವುದುಂಟು. ಬಿಲ್ಲಿಲ್ಲದ ಖರೀದಿಗೆ ಖಾತರಿಯೂ ಇರದು.

ಕಳವಾದಾಗ ದೃಶ್ಯವನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸಿದರೆ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದಾಖಲೆಯೊಡನೆ ಪ್ರಮಾಣಪತ್ರ ಬೇಕು. ಪೊಲೀಸರು ಬರುವವರೆಗೆ ದಾಖಲೆ ಪೆಟ್ಟಿಗೆಯನ್ನು ಮುಟ್ಟದಿರುವುದೇ ಕ್ಷೇಮ.

ಉಪಸಂಹಾರ

ಊರಿಗೆ ಹೊರಡುವ ಮುನ್ನ ಗೃಹಸ್ಥನು ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ಮನೆಯೊಳಗೆ ಉಳಿದಿರುವುದೇನು? ಕೀಲಿ ಯಾರ ಯಾರ ಬಳಿಯಿದೆ? ಗಂಟೆ ಕೂಗಿದರೆ ಬರುವವರು ಯಾರು? ಹೋದದ್ದರಲ್ಲಿ ಎಷ್ಟು ಮರಳಿ ಸಿಕ್ಕೀತು? ಇವಕ್ಕೆ ಉತ್ತರವಿದ್ದವನಿಗೆ ಎರಡು ಕ್ಯಾಮೆರಾ ಸಾಕು. ಉತ್ತರವಿಲ್ಲದವನಿಗೆ ಹತ್ತಿದ್ದರೂ ಸಾಲವು. ಬಾಗಿಲಿಗೆ ಬೀಗ ಹಾಕಿದ ಮೇಲೆ ನೆರೆಮನೆಯವರಿಗೆ ಒಂದು ಮಾತು, ಠಾಣೆಗೆ ಒಂದು ಸೂಚನೆ ಕೊಟ್ಟು ಹೊರಡುವುದು ಇಂದಿಗೂ ಕಾಸು ಖರ್ಚಿಲ್ಲದ ಭದ್ರತೆ.