ಪಡಿತರ ಚೀಟಿಯ ಲೆಕ್ಕವೂ ತಾಯಿಯ ಆರೋಗ್ಯವೂ



ಸಂಸಾರವು ಇಬ್ಬರ ಹೊಣೆ. ಬಿತ್ತನೆಯ ಕಾಲದಲ್ಲಿ ಬೀಜ, ಗೊಬ್ಬರ, ಕೂಲಿಗಳ ಲೆಕ್ಕವನ್ನು ನೀವು ಕೂಡಿ ಕುಳಿತು ಹಾಕುತ್ತೀರಿ. ಆದರೆ ಪ್ರತಿ ತಿಂಗಳೂ ಮನೆಗೆ ಬರಬೇಕಾದ ಪಡಿತರ ಧಾನ್ಯವೆಷ್ಟು, ಬ್ಯಾಂಕಿನ ಖಾತೆಗೆ ಬರಬೇಕಾದ ಸಹಾಯಧನವೆಷ್ಟು, ಅದರಲ್ಲಿ ಬಂದುದೆಷ್ಟು ಎಂಬ ಲೆಕ್ಕವನ್ನು ಎಷ್ಟು ಮನೆಗಳಲ್ಲಿ ಇಡುತ್ತಾರೆ? ಇದು ಆಹಾರ ಇಲಾಖೆಯ ವಿಷಯ, ವೈದ್ಯರಿಗೇಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಒಂದು ನಿದರ್ಶನವನ್ನು ಹೇಳುತ್ತೇನೆ.

ಅರಸೀಕೆರೆ ಹೋಬಳಿಯ ಒಂದು ಹಳ್ಳಿಯಿಂದ ಐದು ತಿಂಗಳ ಗರ್ಭಿಣಿಯೊಬ್ಬಳು ಪತಿಯೊಡನೆ ತಪಾಸಣೆಗೆ ಬಂದಳು. ಆಕೆಯ ರಕ್ತದಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಮಾತ್ರವಿತ್ತು. ಗರ್ಭಿಣಿಯಲ್ಲಿ ಇದು 11 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತೇವೆ. ಊಟದ ಕ್ರಮವನ್ನು ವಿಚಾರಿಸಿದಾಗ ತಿಳಿದುಬಂದ ಸಂಗತಿಯಿದು: ಮನೆಯಲ್ಲಿ ಐವರು, ಪಡಿತರ ಚೀಟಿಯಲ್ಲಿ ನಾಲ್ವರು. ಮದುವೆಯಾಗಿ ಒಂದೂವರೆ ವರ್ಷ ಕಳೆದಿದ್ದರೂ ಸೊಸೆಯ ಹೆಸರು ತವರುಮನೆಯ ಚೀಟಿಯಲ್ಲಿಯೇ ಉಳಿದಿತ್ತು. ತಿಂಗಳ ಕೊನೆಯ ವಾರ ಧಾನ್ಯ ತೀರುತ್ತಿತ್ತು. ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವವಳು ಸೊಸೆ. "ಅಕ್ಕಿ ಕಡಿಮಿ ಬೀಳತೈತ್ರಿ ಡಾಕ್ಟ್ರೇ, ಎಷ್ಟು ಬರಬೇಕಂತ ನಮಗ ಗೊತ್ತಿಲ್ರಿ" ಎಂದನು ಪತಿ.

ಆಕೆಗೆ ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟೆವು. ಅಕ್ಕಿಯೊಂದರಿಂದಲೇ ರಕ್ತ ಹೆಚ್ಚುವುದಿಲ್ಲವೆಂಬುದು ನಿಜ. ಆದರೆ ಅಕ್ಕಿ ಕೊಳ್ಳಲು ವೆಚ್ಚವಾಗುವ ಹಣ ಉಳಿದರೆ ಅದು ಬೇಳೆ, ಸೊಪ್ಪು, ಮೊಟ್ಟೆ, ಹಾಲುಗಳಿಗೆ ಒದಗುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ಶೇಕಡ 45.7ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಆದುದರಿಂದ ಪತಿ ಪತ್ನಿಯರು ತಿಂಗಳಿಗೊಮ್ಮೆ ಕೂಡಿ ಮೂರು ಲೆಕ್ಕಗಳನ್ನು ನೋಡಿಕೊಳ್ಳಬೇಕು.

ಮೊದಲನೆಯದು: ಹೆಸರುಗಳ ಲೆಕ್ಕ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಆದ್ಯತಾ ಕುಟುಂಬದ ಚೀಟಿಯಲ್ಲಿರುವ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯ ದೊರೆಯತಕ್ಕದ್ದು. ಅಂತ್ಯೋದಯ ಚೀಟಿಗೆ ಮಾತ್ರ ಸದಸ್ಯರು ಎಷ್ಟೇ ಇರಲಿ, ಕುಟುಂಬಕ್ಕೆ 35 ಕಿಲೋ. 2023ರ ಜನವರಿಯಿಂದ ಈ ಧಾನ್ಯಕ್ಕೆ ಬೆಲೆ ಕೊಡಬೇಕಾಗಿಲ್ಲ. ಆದ್ಯತಾ ಚೀಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ ತಿಂಗಳಿಗೆ 5 ಕಿಲೋ, ವರ್ಷಕ್ಕೆ 60 ಕಿಲೋ ನಷ್ಟ. ಒಂದು ಹೆಸರಿನ ಬೆಲೆ ಇಷ್ಟು.

ಒಂದೇ ಆಧಾರ್ ಸಂಖ್ಯೆ ಎರಡು ಚೀಟಿಗಳಲ್ಲಿ ಇರುವಂತಿಲ್ಲ. ಆದುದರಿಂದ ಮದುವೆಯಾದ ಕೂಡಲೇ ವಧುವಿನ ಹೆಸರನ್ನು ತವರಿನ ಚೀಟಿಯಿಂದ ತೆಗೆಸಿ, ಗಂಡನ ಮನೆಯ ಚೀಟಿಗೆ ಸೇರಿಸಲು ಅರ್ಜಿ ಕೊಡಬೇಕು. ಮಗು ಹುಟ್ಟಿದಾಗ ಜನನ ಪ್ರಮಾಣಪತ್ರ ಪಡೆದು ಅದರ ಹೆಸರನ್ನೂ ಸೇರಿಸಬೇಕು. ತಿದ್ದುಪಡಿಗೆ ಇಲಾಖೆಯು ಅವಕಾಶ ನೀಡುವ ದಿನಗಳನ್ನು ಗ್ರಾಮ ಒನ್ ಕೇಂದ್ರದಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಿರಿ. ಚೀಟಿಯಲ್ಲಿರುವ ಪ್ರತಿಯೊಬ್ಬರೂ ಬೆರಳ ಗುರುತಿನ ದೃಢೀಕರಣ, ಅಂದರೆ ಇ-ಕೆವೈಸಿ, ಮಾಡಿಸಿರುವರೇ ಎಂಬುದನ್ನು ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ ತಿಳಿಯಿರಿ.

ಎರಡನೆಯದು: ಧಾನ್ಯದ ಲೆಕ್ಕ

ಕಾಯಿದೆಯ 5 ಕಿಲೋ ಅಲ್ಲದೆ ರಾಜ್ಯ ಸರ್ಕಾರವು ಅನ್ನಭಾಗ್ಯ ಯೋಜನೆಯಲ್ಲಿ ಕೊಡುವ ಹೆಚ್ಚುವರಿ ಪಾಲು ಕಾಲಕಾಲಕ್ಕೆ ಬದಲಾಗಿದೆ. 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಾಗಿ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಗಳನ್ನು ಖಾತೆಗೆ ಹಾಕಲಾಗುತ್ತಿತ್ತು. 2025ರ ಆರಂಭದಲ್ಲಿ ಹಣವನ್ನು ನಿಲ್ಲಿಸಿ ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ ಮುಂತಾದವುಗಳುಳ್ಳ ಆಹಾರದ ಕಿಟ್ ಕೊಡಲು ಸಚಿವ ಸಂಪುಟವು ಒಪ್ಪಿತು. ಹೀಗೆ ಆದೇಶಗಳು ಬದಲಾಗುತ್ತಿರುವುದರಿಂದ ಹೋದ ತಿಂಗಳಿನ ಲೆಕ್ಕವನ್ನೇ ಈ ತಿಂಗಳಿಗೆ ಹಿಡಿಯಬಾರದು. ಅಂಗಡಿಯ ಮುಂದಿನ ಫಲಕದಲ್ಲಿ ಆ ತಿಂಗಳ ಪ್ರಮಾಣ, ದಾಸ್ತಾನು, ತೆರೆಯುವ ವೇಳೆಗಳನ್ನು ಬರೆಯಬೇಕೆಂಬುದು ನಿಯಮ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವನ್ನು ಕರೆದೊಯ್ದು ಓದಿಸಿರಿ.

ಅಂಗಡಿಯ ಯಂತ್ರದಲ್ಲಿ ಚೀಟಿಯ ಸಂಖ್ಯೆಯನ್ನು ಹಾಕಿದೊಡನೆ ಆ ತಿಂಗಳು ಬರಬೇಕಾದುದು ಹಾಗೂ ಬಾಕಿಯಿರುವುದು ಕಾಣುತ್ತದೆ. ಹೆಬ್ಬೆರಳು ಒತ್ತುವ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿರಿ. ಬೆರಳು ಒತ್ತಿದ ಮೇಲೆ ಧಾನ್ಯವನ್ನು ಪಡೆದಂತೆಯೇ ದಾಖಲೆಯಾಗುತ್ತದೆ. ಆದುದರಿಂದ ಇಂದು ಬೆರಳು ಕೊಟ್ಟು ಮತ್ತೊಂದು ದಿನ ಧಾನ್ಯಕ್ಕೆ ಹೋಗುವ ಅಭ್ಯಾಸ ಒಳ್ಳೆಯದಲ್ಲ. ತೂಕವನ್ನು ಕಣ್ಣಾರೆ ನೋಡಿ, ರಸೀದಿಯನ್ನು ಕೇಳಿ ಪಡೆಯಿರಿ. ಚೀಟಿಯನ್ನು ಅಂಗಡಿಯಲ್ಲಿ ಇರಿಸಿಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಮೊಬೈಲ್ ಬಳಸಬಲ್ಲವರು ಆಹಾರ ಇಲಾಖೆಯ ಜಾಲತಾಣದಲ್ಲಿ ಅಥವಾ 'ಮೇರಾ ರೇಷನ್' ಆ್ಯಪಿನಲ್ಲಿಯೂ ತಮ್ಮ ಚೀಟಿಯ ವಿವರವನ್ನು ನೋಡಬಹುದು.

ತಿಂಗಳ ಪಡಿತರವನ್ನು ಆ ತಿಂಗಳಿನಲ್ಲಿಯೇ ಪಡೆಯಬೇಕು. ಮುಂದಿನ ತಿಂಗಳು ಕೂಡಿಸಿ ಕೊಡುವರೆಂದು ನಂಬಿ ಕೂರಬಾರದು. ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋಗುವ ದಿನವನ್ನು ಮರೆಯದ ನಾವು ಪಡಿತರದ ದಿನವನ್ನೂ ಮರೆಯದಿರೋಣ.

ಮೂರನೆಯದು: ಹಣದ ಲೆಕ್ಕ

ಗರ್ಭಿಣಿಯರಿಗಾಗಿಯೇ ಬರುವ ಹಣವನ್ನು ಎಷ್ಟೋ ದಂಪತಿಗಳು ಬಲ್ಲವರಲ್ಲ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಿಗೆ ಮೊದಲನೆಯ ಮಗುವಿಗೆ 5000 ರೂಪಾಯಿಗಳು ಎರಡು ಕಂತುಗಳಲ್ಲಿ ಬರುತ್ತವೆ. ಗರ್ಭವನ್ನು ನೋಂದಾಯಿಸಿ ಕನಿಷ್ಠ ಒಂದು ತಪಾಸಣೆ ಮಾಡಿಸಿದ ಮೇಲೆ 3000, ಮಗುವಿನ ಜನನವನ್ನು ನೋಂದಾಯಿಸಿ ಮೊದಲ ಸುತ್ತಿನ ಲಸಿಕೆಗಳನ್ನು ಹಾಕಿಸಿದ ಮೇಲೆ 2000. ಎರಡನೆಯ ಮಗು ಹೆಣ್ಣಾದರೆ ಒಂದೇ ಕಂತಿನಲ್ಲಿ 6000. ಅರ್ಹತೆಗೆ ತೋರಿಸಬಹುದಾದ ದಾಖಲೆಗಳಲ್ಲಿ ಪಡಿತರ ಚೀಟಿಯೂ ಒಂದು. ಅರ್ಜಿಗೆ ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯನ್ನು ಕಾಣಿರಿ. ತಪಾಸಣೆ ಹಾಗೂ ಲಸಿಕೆಗಳ ದಿನಾಂಕಗಳು ತಾಯಿ ಕಾರ್ಡಿನಲ್ಲಿ ಇರುತ್ತವೆ. ಮುಂದಿನ ಕಂತು ಯಾವಾಗ ಬರಬೇಕೆಂಬುದನ್ನು ಆ ದಿನಾಂಕಗಳಿಂದಲೇ ಅಂದಾಜು ಮಾಡಬಹುದು. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿಗಳು ಚೀಟಿಯಲ್ಲಿ ಕುಟುಂಬದ ಯಜಮಾನಿಯೆಂದು ನಮೂದಾದವಳಿಗೆ ಸಲ್ಲತಕ್ಕವು.

ಹಣವು ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಹಣವೇ ಬಂದಿಲ್ಲವೆಂದು ಅಲೆಯುವವರ ಹಣ ಕೆಲವೊಮ್ಮೆ ಅವರು ಮರೆತ ಮತ್ತೊಂದು ಬ್ಯಾಂಕಿನ ಖಾತೆಯಲ್ಲಿ ಇರುತ್ತದೆ. ಬ್ಯಾಂಕಿನಲ್ಲಿ ಯಾವ ಖಾತೆ ಜೋಡಣೆಯಾಗಿದೆಯೆಂದು ಕೇಳಿ, ಪಾಸ್‌ಬುಕ್ಕಿನಲ್ಲಿ ಬರೆಯಿಸಿರಿ. 'ಡಿಬಿಟಿ ಕರ್ನಾಟಕ' ಎಂಬ ಆ್ಯಪಿನಲ್ಲಿಯೂ ಹಣ ಸಂದಾಯವಾದುದನ್ನು ನೋಡಬಹುದು. ಯಾರೇ ದೂರವಾಣಿಯಲ್ಲಿ ಕೇಳಿದರೂ ಒಟಿಪಿ ಸಂಖ್ಯೆಯನ್ನು ಹೇಳಬೇಡಿರಿ. ಸಹಾಯಧನವು ಇಂತಹ ದಿನವೇ ಬರುವುದೆಂದು ನಂಬಿ ಬಡ್ಡಿಯ ಸಾಲವನ್ನೂ ಮಾಡಬೇಡಿರಿ.

ಗುಳೆ ಹೋಗುವಾಗ

ಮಳೆ ಕೈಕೊಟ್ಟ ವರ್ಷ ಈ ಭಾಗದ ಹಳ್ಳಿ, ತಾಂಡಾಗಳಿಂದ ಅನೇಕ ಕುಟುಂಬಗಳು ಕಾಫಿ ತೋಟಗಳಿಗೂ ಬೆಂಗಳೂರಿಗೂ ಗುಳೆ ಹೋಗುತ್ತವೆ. ಒಂದು ದೇಶ ಒಂದು ಪಡಿತರ ಚೀಟಿಯ ವ್ಯವಸ್ಥೆಯಂತೆ ಹೋದ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಅದೇ ಚೀಟಿಯ ಸಂಖ್ಯೆಯಿಂದ ಧಾನ್ಯ ಪಡೆಯಬಹುದು. ದುಡಿಯಲು ಹೋದವರು ಅಲ್ಲಿ ಒಂದಂಶವನ್ನು, ಊರಲ್ಲಿ ಉಳಿದ ವೃದ್ಧರು ಬಾಕಿ ಅಂಶವನ್ನು ಪಡೆಯಲು ಅವಕಾಶವುಂಟು. ಆರು ತಿಂಗಳು ಎಲ್ಲಿಯೂ ಪಡಿತರವನ್ನು ಪಡೆಯದಿದ್ದರೆ ಚೀಟಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲು 2025ರ ಕೇಂದ್ರ ಆದೇಶದಲ್ಲಿ ಅವಕಾಶವಿದೆ. ಗರ್ಭಿಣಿಯು ಜೊತೆಯಲ್ಲಿದ್ದರೆ ತಾಯಿ ಕಾರ್ಡನ್ನು ಮರೆಯದೆ ಒಯ್ದು ಅಲ್ಲಿನ ಅಂಗನವಾಡಿಯಲ್ಲಿ ಹೆಸರು ಬರೆಯಿಸಿರಿ. ಗರ್ಭಿಣಿಗೂ, ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯ ಆಹಾರ ಕಾಯಿದೆಯಂತೆ ಉಚಿತ. ಇದು ಪಡಿತರದ ಪಾಲಿನಿಂದ ಕಳೆಯುವಂತಹುದಲ್ಲ, ಅದಕ್ಕೆ ಸೇರಿದ್ದು.

ತೊಂದರೆಯಾದಲ್ಲಿ

ಧಾನ್ಯ ಕಡಿಮೆ ಬಂದರೆ ಮೊದಲು ಅಂಗಡಿಯವರಲ್ಲಿಯೇ ಸೌಮ್ಯವಾಗಿ ಕೇಳಿರಿ. ಕೆಲವೊಮ್ಮೆ ಯಂತ್ರದ ಅಥವಾ ದಾಖಲೆಯ ದೋಷವಿರುತ್ತದೆ. ಪರಿಹಾರವಾಗದಿದ್ದರೆ ಹರಪನಹಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಆಹಾರ ನಿರೀಕ್ಷಕರಿಗೆ ಬರಹದಲ್ಲಿ ದೂರು ಕೊಡಿರಿ, ಅಥವಾ 1967ಕ್ಕೆ ದೂರವಾಣಿ ಮಾಡಿರಿ. ಹಿಂದೆ ದಾವಣಗೆರೆ ಜಿಲ್ಲೆಯಲ್ಲಿದ್ದ ನಮ್ಮ ತಾಲ್ಲೂಕು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಜಿಲ್ಲಾ ಮಟ್ಟದ ದೂರಿಗೆ ಹೊಸಪೇಟೆಗೆ ಹೋಗಬೇಕಾಗುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಮನೆಯಲ್ಲಿರುವ ತಲೆಗಳೂ ಚೀಟಿಯಲ್ಲಿರುವ ಹೆಸರುಗಳೂ ಸಮವಿರಲಿ.
2. ಬಾಕಿಯನ್ನು ಕೇಳಿ ತಿಳಿದ ನಂತರವೇ ಬೆರಳು ಒತ್ತಿರಿ.
3. ತಿಂಗಳಿಗೊಮ್ಮೆ ಪಾಸ್‌ಬುಕ್ ಬರೆಯಿಸಿರಿ.
4. ಪಡಿತರ ಚೀಟಿ, ತಾಯಿ ಕಾರ್ಡ್, ಪಾಸ್‌ಬುಕ್ ಒಂದೇ ಚೀಲದಲ್ಲಿರಲಿ. ಅದು ಎಲ್ಲಿದೆಯೆಂಬುದು ಇಬ್ಬರಿಗೂ ತಿಳಿದಿರಲಿ.

ಮೊದಲು ಹೇಳಿದ ಆ ದಂಪತಿಗಳು ಹೆಸರು ಸೇರಿಸಲು ಎರಡು ಬಾರಿ ಅಲೆಯಬೇಕಾಯಿತು. ಚೀಟಿಯಲ್ಲಿ ಐದನೆಯ ಹೆಸರು ಮೂಡಿದುದು ಎಂಟನೆಯ ತಿಂಗಳಿನಲ್ಲಿ. ಅಲ್ಲಿಯವರೆಗೆ ಅಂಗನವಾಡಿಯ ಊಟವೂ ಮಾತ್ರೆಗಳೂ ಆಕೆಯನ್ನು ಕಾಪಾಡಿದವು. ಮದುವೆಯಾದ ತಿಂಗಳಿನಲ್ಲಿಯೇ ಆ ಕೆಲಸ ಮುಗಿದಿದ್ದರೆ ಇಷ್ಟು ಆತಂಕವಿರುತ್ತಿರಲಿಲ್ಲ. ನಿಮ್ಮ ಚೀಟಿಯನ್ನು ಇಂದೇ ಹೊರತೆಗೆದು ಹೆಸರುಗಳನ್ನು ಎಣಿಸಿರಿ. ಆ ದಿನ ಪತ್ನಿಯೂ ನಿಮ್ಮೊಡನೆ ಕುಳಿತು ಉಣ್ಣಲಿ.