ಬ್ಯಾಂಡ್ ಒಡೆದಾಗ, ಬ್ಯಾಂಡ್ ಕೂಡಿದಾಗ: ಒಂದು ಲೆಕ್ಕಶಾಸ್ತ್ರ ಪಾಠ

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ನಮಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಪಾಲುದಾರಿಕೆ ಸಂಸ್ಥೆಯ ಅಧ್ಯಾಯಗಳು. ಪಾಲುದಾರನ ಸೇರ್ಪಡೆ, ನಿವೃತ್ತಿ, ಮರಣ, ಕೊನೆಗೆ ಸಂಸ್ಥೆಯ ವಿಸರ್ಜನೆ. ಲೆಕ್ಕದಲ್ಲಿ ಬರುವ ಎ, ಬಿ, ಸಿ ಯಾರೆಂದು ನಮಗೆ ಗೊತ್ತಿಲ್ಲ. ಅವರು ಏಕೆ ಕೂಡಿದರು, ಏಕೆ ಬೇರೆಯಾದರು ಎಂದು ಪುಸ್ತಕ ಹೇಳುವುದಿಲ್ಲ. ಆದ್ದರಿಂದ ಎ, ಬಿ, ಸಿ ಜಾಗದಲ್ಲಿ ಹಾಡುವ, ಬಾರಿಸುವ ತಂಡಗಳನ್ನು ಇಟ್ಟು ಅದೇ ಪಾಠವನ್ನು ಹೇಳಲು ಪ್ರಯತ್ನಿಸಿದ್ದೇನೆ. ಕೊನೆಯಲ್ಲಿ ನಮ್ಮ ಮನೆಯದೇ ಒಂದು ಲೆಕ್ಕವಿದೆ.

ಡಬ್ಬಿ ಬಿಚ್ಚುವ ಹೊತ್ತಿನ ವಾದ

ಕಾಲೇಜಿನೊಳಗೆ ಮೊಬೈಲ್ ತರುವಂತಿಲ್ಲ. ಹಾಗಾಗಿ ರಾತ್ರಿ ಕೇಳಿದ ಹಾಡುಗಳ ಬಗ್ಗೆ ನಾವು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ವಾದ ಮಾಡುತ್ತೇವೆ. ಇಂಗ್ಲೆಂಡಿನ ಒಯಾಸಿಸ್ ಎಂಬ ರಾಕ್ ತಂಡದ ಅಣ್ಣತಮ್ಮಂದಿರಾದ ನೋಯೆಲ್ ಮತ್ತು ಲಿಯಾಮ್ ಗ್ಯಾಲಹರ್ 2009ರಲ್ಲಿ ಜಗಳವಾಡಿ ಬೇರೆಯಾಗಿದ್ದರು. 2025ರ ಜುಲೈ 4ರಂದು ಕಾರ್ಡಿಫ್ ಊರಿನಲ್ಲಿ ಮತ್ತೆ ಒಂದೇ ವೇದಿಕೆ ಹತ್ತಿದರು. ಆ ವಾರವೆಲ್ಲ ನಮ್ಮ ಬೆಂಚಿನಲ್ಲಿ ಅದೇ ಮಾತು.

ಯಲಬುರ್ಗಾದಿಂದ ಬರುವ ಗೆಳತಿ ಹೇಳಿದಳು: "ಆಲ್ಬಮ್ಮೇ ಚಲೋ. ರೆಕಾರ್ಡಿಂಗ್‌ನ್ಯಾಗ ಒಂದು ತಪ್ಪೂ ಇರಂಗಿಲ್ಲ. ಈಗ ಅವರ ದನಿ ಮೊದಲಿನಂಗ ಎಲ್ಲೈತಿ?" ಕುಷ್ಟಗಿಯವಳು ಒಪ್ಪಲಿಲ್ಲ. "ಅವರಿಬ್ಬರೂ ಬಾಜೂಕ ಬಾಜೂ ನಿಂತಾರಲ್ಲ, ಅದನ್ನ ಆಲ್ಬಮ್‌ನ್ಯಾಗ ಎಲ್ಲಿ ನೋಡ್ತಿ?" ಎಂದಳು.

ಇಬ್ಬರದೂ ಸರಿ ಎಂದು ನನಗೆ ಆಮೇಲೆ ಹೊಳೆಯಿತು. ಆಲ್ಬಮ್ ಎಂದರೆ ಅಢಾವೆ ಪತ್ರಿಕೆ ಇದ್ದಂತೆ. ಅದು "ಇಂಥ ದಿನಾಂಕದಲ್ಲಿದ್ದಂತೆ" ಎಂದು ತಲೆಬರಹ ಹಾಕಿಕೊಂಡು ಆ ಒಂದು ದಿನದ ಸ್ಥಿತಿಯನ್ನು ತೋರಿಸುತ್ತದೆ. ಆ ದಿನ ತಂಡದಲ್ಲಿ ಯಾರಿದ್ದರು, ಅವರ ದನಿ ಹೇಗಿತ್ತು ಎಂಬುದು ಅಲ್ಲಿ ಬದಲಾಗದೆ ಉಳಿಯುತ್ತದೆ. ವೇದಿಕೆಯ ಕಾರ್ಯಕ್ರಮ ಲಾಭ ನಷ್ಟ ಖಾತೆ ಇದ್ದಂತೆ. ಕಾಲ ಸರಿದಂತೆ ಏನು ಬಂತು, ಏನು ಹೋಯಿತು ಎಂಬುದನ್ನು ಅದು ಹೇಳುತ್ತದೆ. ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೆ ಸಂಸ್ಥೆಯ ಕಥೆ ಅರ್ಧವೇ ತಿಳಿಯುತ್ತದೆ.

ಪುನರ್‌ರಚನೆ: ಸ್ವರಾತ್ಮ

ನಮ್ಮ ಕರ್ನಾಟಕದ ಸ್ವರಾತ್ಮ ತಂಡವನ್ನು ನೋಡಿ. ವಾಸು ದೀಕ್ಷಿತ್ ಮುಖ್ಯ ಗಾಯಕರಾಗಿರುವ ಈ ತಂಡ 2002ರಲ್ಲಿ ಹುಟ್ಟಿತು. 2006ರ ಹೊತ್ತಿಗೆ ಹೊಸಬರು ಸೇರಿ ಅದನ್ನು ಮತ್ತೆ ಕಟ್ಟಿದರು. ಗಿಟಾರ್, ಡ್ರಮ್ ಜೊತೆಗೆ ಪಿಟೀಲು ನುಡಿಸುವ ಜಾನಪದ ರಾಕ್ ಅವರದು. 2009ರಲ್ಲಿ ತಂಡದ ಹೆಸರಿನದೇ ಮೊದಲ ಆಲ್ಬಮ್ ಬಂತು. ಅದರಲ್ಲಿ ಹಿಂದಿ ಹಾಡುಗಳ ನಡುವೆ "ಈ ಭೂಮಿ" ಎಂಬ ಕನ್ನಡ ಹಾಡೂ ಇದೆ. 2012ರಲ್ಲಿ "ಟೋಪಿವಾಲೆ", 2018ರಲ್ಲಿ "ರಾಹ್-ಎ-ಫಕೀರಾ" ಬಂದವು. ಕೊನೆಯ ಹೆಸರು ನಮ್ಮ ಮನೆಯಲ್ಲಿ ದಿನವೂ ಕೇಳುವ ಮಾತು: ಫಕೀರನ ದಾರಿ. ಕನ್ನಡದವರ ತಂಡದ ಆಲ್ಬಮ್ಮಿಗೆ ನಮ್ಮ ಅಮ್ಮಿಯ ಭಾಷೆಯ ಹೆಸರಿರುವುದು ಕಂಡು ನನಗೆ ಖುಷಿಯಾಯಿತು.

ಇಲ್ಲಿ ಕಲಿಯಬೇಕಾದದ್ದು ಇಷ್ಟು. ಪಾಲುದಾರರು ಬದಲಾದಾಗ ಹಳೆಯ ಒಪ್ಪಂದ ಮುಗಿಯುತ್ತದೆ, ಆದರೆ ಸಂಸ್ಥೆ ಮುಗಿಯಬೇಕಾಗಿಲ್ಲ. ಹೊಸ ಒಪ್ಪಂದದ ಮೇಲೆ ಅದೇ ಸಂಸ್ಥೆ ಮುಂದುವರಿಯಬಹುದು. ಪಾಲುದಾರಿಕೆಯ ವಿಸರ್ಜನೆ ಬೇರೆ, ಸಂಸ್ಥೆಯ ವಿಸರ್ಜನೆ ಬೇರೆ. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಕೇಳಿದಾಗ ಸ್ವರಾತ್ಮವನ್ನು ನೆನೆಸಿಕೊಳ್ಳಿ.

ಹೆಸರು ಯಾರದು: ಕೀರ್ತಿಮೌಲ್ಯ

ಗುಡ್‌ವಿಲ್ ಅಥವಾ ಕೀರ್ತಿಮೌಲ್ಯವನ್ನು ಕೈಯಲ್ಲಿ ಹಿಡಿಯಲಾಗದ ಆಸ್ತಿ ಎಂದು ನಾವು ಬಾಯಿಪಾಠ ಮಾಡುತ್ತೇವೆ. ಅದರ ಬೆಲೆ ತಂಡ ಒಡೆದಾಗ ಗೊತ್ತಾಗುತ್ತದೆ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡದಿಂದ ರೋಜರ್ ವಾಟರ್ಸ್ 1985ರಲ್ಲಿ ಹೊರಬಂದರು. ತಾನಿಲ್ಲದ ಮೇಲೆ ಆ ಹೆಸರೂ ಇರಬಾರದು ಎಂಬುದು ಅವರ ವಾದ. ಉಳಿದವರು ಒಪ್ಪಲಿಲ್ಲ. ವ್ಯಾಜ್ಯ ಕೋರ್ಟಿಗೆ ಹೋಯಿತು. 1987ರ ಕೊನೆಯಲ್ಲಿ ರಾಜಿಯಾಗಿ ಹೆಸರು ಉಳಿದವರ ಬಳಿಯೇ ಉಳಿಯಿತು. ಗಿಟಾರು, ಡ್ರಮ್ಮು ಹಂಚಿಕೊಳ್ಳುವುದು ಕಷ್ಟವಲ್ಲ. ಹೆಸರನ್ನು ತುಂಡು ಮಾಡಿ ಹಂಚಲು ಆಗುವುದಿಲ್ಲ.

ವಾಟರ್ಸ್ 2002ರಲ್ಲಿ ಬೆಂಗಳೂರಿಗೂ ಬಂದು ಹಾಡಿದ್ದಾರೆ, ಆದರೆ ತಮ್ಮ ಸ್ವಂತ ಹೆಸರಿನಲ್ಲಿ. ಮುಂದೆ 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಬಡತನದ ವಿರುದ್ಧ ನಡೆದ ಲೈವ್ 8 ಕಾರ್ಯಕ್ರಮದಲ್ಲಿ ನಾಲ್ವರೂ ಒಟ್ಟಿಗೆ ನುಡಿಸಿದರು. ಮತ್ತೆ ನಾಲ್ವರೂ ಹಾಗೆ ಕೂಡಲಿಲ್ಲ. 2008ರಲ್ಲಿ ಅವರಲ್ಲೊಬ್ಬರಾದ ರಿಚರ್ಡ್ ರೈಟ್ ತೀರಿಕೊಂಡರು.

ಮರಣ: ಲೆಡ್ ಜೆಪ್ಲಿನ್

ನಮ್ಮ ದೇಶದ 1932ರ ಪಾಲುದಾರಿಕೆ ಕಾಯಿದೆಯ 42ನೇ ಕಲಮು ಹೇಳುವ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರನೊಬ್ಬನ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ. ಇದು ಬಹಳ ಕಠಿಣ ನಿಯಮ ಎಂದು ಮೊದಲು ಅನಿಸಿತ್ತು. ಆದರೆ ಲೆಡ್ ಜೆಪ್ಲಿನ್ ತಂಡದ ಕಥೆ ಓದಿದಾಗ ಅದರ ಹಿಂದಿನ ಭಾವನೆ ಅರ್ಥವಾಯಿತು. 1980ರ ಸೆಪ್ಟೆಂಬರ್‌ನಲ್ಲಿ ಅವರ ಡ್ರಮ್ಮರ್ ಜಾನ್ ಬೋನಮ್ ತೀರಿಕೊಂಡರು. ಉಳಿದ ಮೂವರು ಬೇರೊಬ್ಬನನ್ನು ಸೇರಿಸಿಕೊಂಡು ಮುಂದುವರಿಯಬಹುದಿತ್ತು. ಅವರು ತಂಡವನ್ನೇ ನಿಲ್ಲಿಸಿದರು.

27 ವರ್ಷಗಳ ನಂತರ, 2007ರ ಡಿಸೆಂಬರ್ 10ರಂದು, ಟರ್ಕಿ ಮೂಲದ, ಸಂಗೀತ ಕಂಪನಿಯ ಸಹಸ್ಥಾಪಕ ಅಹ್ಮೆತ್ ಎರ್ತೆಗುನ್ ಅವರ ನೆನಪಿಗಾಗಿ ಆ ಮೂವರು ಲಂಡನ್ನಿನಲ್ಲಿ ಒಂದು ಪೂರ್ಣ ಕಾರ್ಯಕ್ರಮ ಕೊಟ್ಟರು. ಅಂದು ಡ್ರಮ್ಮಿನ ಹಿಂದೆ ಕುಳಿತವರು ಜಾನ್ ಬೋನಮ್ ಅವರ ಮಗ ಜೇಸನ್. ಆ ರಾತ್ರಿಯ ಧ್ವನಿಮುದ್ರಣ 2012ರಲ್ಲಿ ಆಲ್ಬಮ್ ಆಗಿ ಹೊರಬಂತು. ಹೀಗೆ ವೇದಿಕೆಯ ಒಂದು ರಾತ್ರಿಯೇ ಅಢಾವೆ ಪತ್ರಿಕೆಯಾಗಿ ಉಳಿಯಿತು.

ವಿಸರ್ಜನೆ: ನಮ್ಮ ಮಾಮುವಿನ ಬ್ಯಾಂಡ್

ಈಗ ಮನೆಯ ಲೆಕ್ಕ. ಗಂಗಾವತಿಯಲ್ಲಿರುವ ನನ್ನ ಮಾಮು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಟ್ರಂಪೆಟ್ ಊದುವವರು ಕುಷ್ಟಗಿಯವರು, ಕೀಬೋರ್ಡ್ ಯಲಬುರ್ಗಾದವರು, ಡ್ರಮ್ ನಮ್ಮ ಕೊಪ್ಪಳದವರು. ನಾಲ್ವರೂ ಸಮ ಬಂಡವಾಳ ಹಾಕಿ ಸಾಮಾನು ಕೊಂಡಿದ್ದರು. ಕಾಗದದ ಮೇಲೆ ಏನೂ ಬರೆದಿರಲಿಲ್ಲ. "ದೋಸ್ತರ ನಡುವೆ ಕಾಗದ ಯಾಕೆ?" ಎನ್ನುತ್ತಿದ್ದರಂತೆ. 2017ರಲ್ಲಿ ಒಂದು ಮದುವೆಯಲ್ಲಿ ಅವರು ನುಡಿಸಿದ್ದರ ರೆಕಾರ್ಡಿಂಗ್ ನಮ್ಮ ಮನೆಯಲ್ಲಿದೆ. ನನಗೆ ಅದು ಪೂರ್ತಿ ಬಾಯಿಪಾಠ. ದಾದಿಗೆ ಬಾಜಾ ಬಜಂತ್ರಿ ಇಷ್ಟವಿಲ್ಲ, ಹಾಗಾಗಿ ಅವರು ನಮಾಜಿಗೆ, ನಿದ್ದೆಗೆ ಹೋದಾಗ ಕೇಳುತ್ತಿದ್ದೆವು.

ಮೊದಲು ಡಿಜೆ ಬಂದು ಕೆಲಸ ಕಡಿಮೆಯಾಯಿತು. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳೇ ನಿಂತವು. 2021ರಲ್ಲಿ ಎರಡನೇ ಅಲೆಯಲ್ಲಿ ಟ್ರಂಪೆಟ್‌ನವರು ತೀರಿಕೊಂಡರು. ಮಾಮು ಸಾಮಾನು ಮಾರಿದರು. ಬಂದ ಹಣ ಮನೆಖರ್ಚಿಗೆ ಹೋಯಿತು. ಡ್ರಮ್‌ನವರು ಒಮ್ಮೆ ಕೇಳಿದರು, ಮಾತಿಗೆ ಮಾತು ಬೆಳೆಯಿತು. ನಾಲ್ಕು ವರ್ಷ ಇಬ್ಬರೂ ಮಾತಾಡಲಿಲ್ಲ.

ಕಳೆದ ಆಗಸ್ಟ್‌ನಲ್ಲಿ ವಿಸರ್ಜನೆಯ ಅಧ್ಯಾಯ ಮುಗಿದಾಗ, ಅಭ್ಯಾಸಕ್ಕೆಂದು ನಾನು ಈ ಬ್ಯಾಂಡಿನ ಲೆಕ್ಕ ಬರೆದೆ. ಅಂಕಿ ಸಂಖ್ಯೆಗಳನ್ನು ಮಾಮುವನ್ನೇ ಕೇಳಿ ಪಡೆದೆ. ನೀವೂ ಬರೆದು ನೋಡಿ.

ಸಾಮಾನು ಮಾರಿ ಬಂದದ್ದು: ಕೀಬೋರ್ಡ್ 12,000 ರೂ., ಆಂಪ್ಲಿಫೈಯರ್ ಮತ್ತು ಬಾಕ್ಸ್ 26,000 ರೂ. ಒಟ್ಟು 38,000 ರೂ.

ಕಾಯಿದೆಯ 48ನೇ ಕಲಮಿನ ಪ್ರಕಾರ ಮೊದಲು ಹೊರಗಿನವರ ಸಾಲ ತೀರಿಸಬೇಕು. ರಿಪೇರಿ ಅಂಗಡಿಗೆ 2,000 ರೂ. ಉಳಿದದ್ದು 36,000 ರೂ.

ಎರಡನೆಯದು ಪಾಲುದಾರ ಕೊಟ್ಟ ಸಾಲ. ಡ್ರಮ್‌ನವರು ಬಂಡವಾಳವಲ್ಲದೆ 2019ರಲ್ಲಿ 10,000 ರೂ. ಸಾಲ ಕೊಟ್ಟಿದ್ದರು. ಒಪ್ಪಂದ ಪತ್ರ ಇಲ್ಲದಿದ್ದರೆ ಇಂಥ ಸಾಲಕ್ಕೆ 13ನೇ ಕಲಮಿನಂತೆ ವರ್ಷಕ್ಕೆ ಶೇ. 6 ಬಡ್ಡಿ. ಎರಡು ವರ್ಷಕ್ಕೆ 1,200 ರೂ. ಸೇರಿ 11,200 ರೂ. ಉಳಿದದ್ದು 24,800 ರೂ.

ಕೊನೆಗೆ ಪಾಲುದಾರರ ಪಾಲು. ಬಂಡವಾಳ ಸಮ, ಒಪ್ಪಂದ ಪತ್ರ ಇಲ್ಲದ್ದರಿಂದ ಲಾಭ ನಷ್ಟವೂ ಸಮ. 24,800 ಭಾಗಿಸು 4, ತಲಾ 6,200 ರೂ. ತೀರಿಹೋದ ಪಾಲುದಾರನ ಪಾಲು ಅವರ ವಾರಸುದಾರರಿಗೆ.

ಅಂದರೆ ಮಾಮುವಿಗೆ ಸೇರಬೇಕಾದದ್ದು 6,200 ರೂ. ಅವರ ಕೈಯಲ್ಲಿ ಉಳಿದದ್ದು 36,000 ರೂ.

ಖಾತೆಯ ಎರಡೂ ಬದಿ ಸರಿಹೊಂದಿದವು. ಲೆಕ್ಕ ಸರಿ ಬಂದದ್ದಕ್ಕೆ ಹೆದರಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆದರೂ ಪುಟವನ್ನು ಮಾಮುವಿಗೆ ತೋರಿಸಿದೆ. ಅವರು ಓದಿ, ಮಡಚಿ, ಜೇಬಿಗೆ ಹಾಕಿಕೊಂಡು ಎದ್ದು ಹೋದರು. ಅಮ್ಮಿ ನನ್ನನ್ನು ಬೈದಳು: "ದೊಡ್ಡವರ ಲೆಕ್ಕ ತೆಗೆಯಲು ನಿನ್ನನ್ನು ಕಾಲೇಜಿಗೆ ಕಳಿಸಿದ್ದಾ?" ಎರಡು ವಾರ ಮಾಮು ನನಗೆ ಫೋನ್ ಮಾಡಲಿಲ್ಲ. ಮೋಸ ಮಾಡಿದವರು ಎಂದು ಅವರನ್ನು ನಾನು ಅಂದುಕೊಂಡಿರಲಿಲ್ಲ. ಲೆಕ್ಕ ಬರೆದಿಡದಿದ್ದಾಗ ಯಾರದು ಎಷ್ಟು ಎಂಬುದು ಅವರಿಗೇ ಗೊತ್ತಿರಲಿಲ್ಲ. ಆದರೆ ಇದನ್ನು ಅವರಿಗೆ ಹೇಗೆ ಹೇಳಬೇಕೋ ನನಗೆ ತಿಳಿಯಲಿಲ್ಲ.

ಸೆಪ್ಟೆಂಬರ್‌ನಲ್ಲಿ ಮಾಮು ಮೊದಲು ಕುಷ್ಟಗಿಗೆ ಹೋಗಿ ಟ್ರಂಪೆಟ್‌ನವರ ಹೆಂಡತಿಗೆ 6,200 ರೂ. ಕೊಟ್ಟು ಬಂದರು. ಯಲಬುರ್ಗಾಕ್ಕೆ ಫೋನಿನಲ್ಲೇ ಹಣ ಕಳಿಸಿದರು. ಕೊನೆಗೆ ಕೊಪ್ಪಳಕ್ಕೆ ಬಂದು, ನನ್ನನ್ನೂ ಕರೆದುಕೊಂಡು ಡ್ರಮ್‌ನವರ ಮನೆಗೆ ಹೋದರು. ಅವರು ನನ್ನ ಪುಟವನ್ನು ಬಹಳ ಹೊತ್ತು ನೋಡಿ, 16,200 ರೂ. ಎಣಿಸಿಕೊಂಡು, 1,200 ರೂ. ಹಿಂದಕ್ಕೆ ಸರಿಸಿದರು. "ಬಡ್ಡಿ ನನಗ ಬ್ಯಾಡೋ. ಇದನ್ನೂ ಕುಷ್ಟಗಿಗೆ ಮುಟ್ಟಿಸು" ಎಂದರು. ಆಮೇಲೆ ಚಹಾ ಬಂತು.

ಮತ್ತೆ ಕೂಡಿದ ರಾತ್ರಿ

ನವೆಂಬರ್‌ನಲ್ಲಿ ಮಾಮುವಿನ ಮಗಳ ಮದುವೆ. ಡಿಜೆ ಇರಲಿಲ್ಲ. ಮೂವರೂ ಬಂದು ನುಡಿಸಿದರು. 2017ರ ರೆಕಾರ್ಡಿಂಗಿನಲ್ಲಿದ್ದ ಅದೇ ಹಾಡು ಶುರುವಾಯಿತು. ಮಾಮುವಿನ ಉಸಿರು ಮೊದಲಿನಷ್ಟಿಲ್ಲ, ಡ್ರಮ್ಮಿನ ವೇಗವೂ ತಗ್ಗಿದೆ. ಯಲಬುರ್ಗಾದ ಗೆಳತಿ ಹೇಳಿದಂತೆ ತಪ್ಪುಗಳಿದ್ದವು.

ಹಾಡಿನ ನಡುವೆ ಟ್ರಂಪೆಟ್ ಒಂಟಿಯಾಗಿ ಬರುವ ಒಂದು ಜಾಗವಿದೆ. ಕೀಬೋರ್ಡ್‌ನವರು ಆ ಭಾಗವನ್ನು ತುಂಬುತ್ತಾರೆ ಎಂದುಕೊಂಡಿದ್ದೆ. ಅವರು ಕೈ ಎತ್ತಿಬಿಟ್ಟರು. ಮಾಮು ಕ್ಲಾರಿನೆಟ್ ಕೆಳಗಿಳಿಸಿದರು. ಡ್ರಮ್ ಮಾತ್ರ ಮೆಲ್ಲಗೆ ಎಂಟು ಏಟು ಹಾಕಿತು. ಆಮೇಲೆ ಮೂವರೂ ಮುಂದುವರಿಸಿದರು. ಚಪ್ಪರದಲ್ಲಿದ್ದ ಬಹಳ ಜನಕ್ಕೆ ಏನೂ ಗೊತ್ತಾಗಲಿಲ್ಲ. ಹಳೆಯ ರೆಕಾರ್ಡಿಂಗ್ ಕೇಳಿದವರಿಗಷ್ಟೇ ಆ ಎಂಟು ಏಟಿನಲ್ಲಿ ಯಾರಿದ್ದರು ಎಂದು ತಿಳಿಯಿತು. ಕುಷ್ಟಗಿಯಿಂದ ಬಂದಿದ್ದ ಅವರ ಹೆಂಡತಿಗೂ ತಿಳಿಯಿತು.

ಬ್ಯಾಂಡ್ ಮತ್ತೆ ಶುರುವಾಗಿಲ್ಲ. ಡ್ರಮ್‌ನವರಿಗೆ ಬೇರೆ ಕೆಲಸವಿದೆ, ಮಾಮು ಅಕ್ಕಿ ಗಿರಣಿಗೆ ಹೋಗುತ್ತಾರೆ. ಆದರೆ ಈಗ ಶುಕ್ರವಾರ ಸಂಜೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ.

ನಾವು ನೆನಪಿಡಬೇಕಾದದ್ದು

ಒಂದು: ಸ್ನೇಹಿತರ ನಡುವೆಯೂ ಒಪ್ಪಂದ ಪತ್ರ ಬೇಕು. ಕುರ್‌ಆನಿನ ಅತಿ ಉದ್ದದ ವಚನ (ಅಲ್-ಬಕರಾ, 282) ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬುದರ ಬಗ್ಗೆಯೇ ಇದೆ. ಬರೆದಿಡುವುದು ಅಪನಂಬಿಕೆಯಲ್ಲ, ಸ್ನೇಹಕ್ಕೆ ಕಾವಲು.

ಎರಡು: ವಿಸರ್ಜನೆಯಲ್ಲಿ ಹಣ ತೀರಿಸುವ ಕ್ರಮ ತಪ್ಪಬಾರದು. ಹೊರಗಿನ ಸಾಲ, ಪಾಲುದಾರರ ಸಾಲ, ಬಂಡವಾಳ, ಉಳಿದರೆ ಹಂಚಿಕೆ.

ಮೂರು: ಸಂಸ್ಥೆ ತಾನೇ ಗಳಿಸಿಕೊಂಡ ಕೀರ್ತಿಮೌಲ್ಯವನ್ನು ಪುಸ್ತಕದಲ್ಲಿ ಆಸ್ತಿಯಾಗಿ ತೋರಿಸುವಂತಿಲ್ಲ, ಹಣ ಕೊಟ್ಟು ಕೊಂಡದ್ದನ್ನು ಮಾತ್ರ ತೋರಿಸಬೇಕು ಎಂದು ನಮ್ಮ ಉಪನ್ಯಾಸಕರು ಹೇಳಿದಾಗ ಕಾರಣ ಅರ್ಥವಾಗಿರಲಿಲ್ಲ. ಆ ಎಂಟು ಏಟುಗಳನ್ನು ಯಾವ ಖಾತೆಗೆ, ಎಷ್ಟು ರೂಪಾಯಿಗೆ ಬರೆಯಬೇಕು ಎಂದು ಯೋಚಿಸಿದಾಗ ಅರ್ಥವಾಯಿತು.